ಓದುಗರ ಪ್ರಶ್ನೆ: ಅಮೆರಿಕದಲ್ಲಿ ಲಂಚದ ಕಾನೂನನ್ನೇ ತೆಗೆದುಹಾಕಿದರಂತೆ, ಹೌದೇ?

ಪ್ರಶ್ನೆ: ಅಮೆರಿಕದವರು ಎಫ್‌ಸಿಪಿಎ, ಅಂದರೆ ವಿದೇಶಿ ಅಧಿಕಾರಿಗಳಿಗೆ ಲಂಚ ಕೊಡುವುದನ್ನು ನಿಷೇಧಿಸುವ ಕಾನೂನನ್ನು, ನಿಲ್ಲಿಸಿಬಿಟ್ಟರಂತೆ. ಹಾಗಿದ್ದ ಮೇಲೂ ಕಂಪ್ಲಯನ್ಸ್‌ನವರು (ಕಂಪನಿಯಲ್ಲಿ ಕಾನೂನು ಪಾಲನೆ ನೋಡಿಕೊಳ್ಳುವವರು) ಅದೇ ಟ್ರೇನಿಂಗು, ಏಜೆಂಟರ ಬಗ್ಗೆ ಅದೇ ಉದ್ದುದ್ದ ಫಾರಂ ಎಂದು ಏಕೆ ಪ್ರಾಣ ತಿನ್ನುತ್ತಾರೆ?

ಉತ್ತರ: ಇದೇ ಪ್ರಶ್ನೆ ಬೇರೆಬೇರೆ ವೇಷದಲ್ಲಿ ಬರುತ್ತಲೇ ಇದೆ. ಇನ್ನೊಮ್ಮೆ ಬಿಡಿಸಿ ಹೇಳೋಣ.

ಕಾನೂನು ಎಲ್ಲೂ ಹೋಗಿಲ್ಲ. 2025ರ ಫೆಬ್ರುವರಿ 10ರಂದು ಅಧ್ಯಕ್ಷ ಟ್ರಂಪ್ ಸಹಿ ಹಾಕಿದ್ದು ತಮ್ಮ ಅಟಾರ್ನಿ ಜನರಲ್‌ಗೆ ಕೊಟ್ಟ ಒಂದು ಆದೇಶಕ್ಕೆ. 180 ದಿನ ಹೊಸ ತನಿಖೆ ಶುರುಮಾಡಬೇಡಿ, ನಡೆಯುತ್ತಿರುವುದನ್ನು ಮತ್ತೆ ನೋಡಿ, ಹೊಸ ಮಾರ್ಗಸೂಚಿ ಬರೆಯಿರಿ ಎಂಬುದು ಅದರ ಸಾರ. ಅದರಲ್ಲೂ ಬೇಕೆನಿಸಿದರೆ ವಿನಾಯಿತಿ ಕೊಡುವ ಅಧಿಕಾರ ಅಟಾರ್ನಿ ಜನರಲ್ ಕೈಯಲ್ಲೇ ಇತ್ತು. 1977ರ ಕಾಯ್ದೆಯನ್ನು ರದ್ದುಮಾಡಬೇಕಾದರೆ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸೇ ಮಾಡಬೇಕು. ಈ ಆದೇಶದಿಂದ ಕಾಯ್ದೆಯ ಒಂದಕ್ಷರವೂ ಅಳಿಯಲಿಲ್ಲ. ಆ 180 ದಿನಗಳೂ ಪೂರ್ತಿಯಾಗಲಿಲ್ಲ. ಜೂನ್ 9ಕ್ಕೇ ಮಾರ್ಗಸೂಚಿ ಹೊರಬಂತು. ಹೊಸ ಕೇಸು ತೆರೆಯಲು ಮೇಲಧಿಕಾರಿಗಳ ಒಪ್ಪಿಗೆ ಬೇಕು, ಡ್ರಗ್ಸ್ ಕಾರ್ಟೆಲ್‌ಗಳ ನಂಟಿದ್ದರೆ ಆದ್ಯತೆ, ಅಮೆರಿಕದ ಕಂಪನಿಗಳ ಅವಕಾಶ ಕಸಿದವರ ಮೇಲೆ ಹೆಚ್ಚು ಕಣ್ಣು, ಸಣ್ಣಪುಟ್ಟ ವ್ಯವಹಾರದ ಸೌಜನ್ಯಗಳ ಹಿಂದೆ ಬೀಳಬೇಡಿ ಎಂದು ಅದು ಹೇಳುತ್ತದೆ. ಮೂರನೆಯ ಅಂಶವನ್ನು ಇನ್ನೊಮ್ಮೆ ಓದಿ: ಅಮೆರಿಕದ್ದಲ್ಲದ ಕಂಪನಿಗಳಿಗೆ ಇದರಿಂದ ನಿರಾಳವಾಗುವುದಕ್ಕಿಂತ ಬಿಸಿ ತಟ್ಟುವ ಸಾಧ್ಯತೆಯೇ ಹೆಚ್ಚು.

'ಆದರೂ ಕೇಸೇ ಹಾಕುವುದಿಲ್ಲವಲ್ಲ' ಎನ್ನುವವರಿಗೆ ಒಂದು ಕೂಡು-ಕಳೆ ಲೆಕ್ಕ. ಲಂಚದ ಆರೋಪ ಹೊರಿಸಲು ಕಾಲಮಿತಿ ಸಾಮಾನ್ಯವಾಗಿ 5 ವರ್ಷ. 2025ರ ಜೂನ್‌ನಲ್ಲಿ ಕೊಟ್ಟ ಲಂಚಕ್ಕೆ 2030ರ ಜೂನ್‌ವರೆಗೆ ಕೇಸು ಹಾಕಬಹುದು. ಈಗಿನ ಅಧ್ಯಕ್ಷರ ಅವಧಿ ಮುಗಿಯುವುದು 2029ರ ಜನವರಿ 20ಕ್ಕೆ. ಅಂದರೆ ಮುಂದೆ ಬರುವವರಿಗೆ ಹದಿನಾರು-ಹದಿನೇಳು ತಿಂಗಳು ಕೈಯಲ್ಲಿರುತ್ತದೆ. ಬೇರೆ ದೇಶದಿಂದ ಸಾಕ್ಷ್ಯ ತರಿಸಬೇಕೆಂದು ಕೋರ್ಟಿನ ಮೂಲಕ ಗಡಿಯಾರ ನಿಲ್ಲಿಸಿದರೆ ಇನ್ನೂ 3 ವರ್ಷದವರೆಗೆ ಸೇರಿಕೊಳ್ಳಬಹುದು. ಲಂಚವನ್ನು ಕಂತಿನಲ್ಲಿ ಕೊಡುವ ಜಾಣರೂ ಇದ್ದಾರೆ. ಒಳಸಂಚಿನ ಆರೋಪದಲ್ಲಿ ಕಾಲಮಿತಿ ಎಣಿಸುವುದು ಕೊನೆಯ ಕೃತ್ಯದಿಂದ, ಹಾಗಾಗಿ ಪ್ರತಿ ಕಂತೂ ಗಡಿಯಾರವನ್ನು ಹಿಂದಕ್ಕೆ ತಿರುಗಿಸುತ್ತದೆ. ಷೇರುಪೇಟೆ ನಿಯಂತ್ರಕ ಎಸ್‌ಇಸಿಯ ಸಿವಿಲ್ ಅಧಿಕಾರವಂತೂ ಬೇರೆಯೇ; ಆ ಆದೇಶ ಅದಕ್ಕೆ ಬರೆದದ್ದಲ್ಲ.

ಕೇಸುಗಳು ಪೂರ್ತಿ ನಿಂತೂ ಇಲ್ಲ. 2025ರ ಆಗಸ್ಟ್‌ನಲ್ಲೇ ಲಿಬರ್ಟಿ ಮ್ಯೂಚುವಲ್ ಎಂಬ ವಿಮಾ ಕಂಪನಿಯ ಪ್ರಕರಣ ಇತ್ಯರ್ಥವಾಯಿತು. ಕಂಪನಿ ತಾನಾಗಿ ತಪ್ಪೊಪ್ಪಿಕೊಂಡು ಬಂದದ್ದಕ್ಕೆ ಮೊಕದ್ದಮೆ ಹೂಡಲಿಲ್ಲ, ಆದರೆ ಗಳಿಸಿದ ಲಾಭ ಸುಮಾರು 47 ಲಕ್ಷ ಡಾಲರ್ ಒಪ್ಪಿಸಬೇಕಾಯಿತು.

ಇನ್ನು ಉಳಿದ ದೇಶಗಳು. ಬ್ರಿಟನ್, ಫ್ರಾನ್ಸ್, ಸ್ವಿಟ್ಜರ್‌ಲೆಂಡ್‌ನ ಪ್ರಾಸಿಕ್ಯೂಟರ್‌ಗಳು 2025ರ ಮಾರ್ಚ್ 20ರಂದು ಜಂಟಿ ಕಾರ್ಯಪಡೆ ಕಟ್ಟಿಕೊಂಡರು. ವಿದೇಶಿ ಲಂಚವನ್ನು ತಡೆಯದ ಕಂಪನಿಯನ್ನೇ ಹೊಣೆ ಮಾಡುವ ಕಾನೂನು ಆಸ್ಟ್ರೇಲಿಯಾದಲ್ಲಿ 2024ರ ಸೆಪ್ಟೆಂಬರ್ 8ರಿಂದ ಜಾರಿಯಲ್ಲಿದೆ. ಬ್ರಿಟನ್ನಿನಲ್ಲಿ ಲಂಚದ ಕೇಸಿಗೆ ಕಾಲಮಿತಿಯೇ ಇಲ್ಲ. ಅಲ್ಲಿ 2025ರ ಸೆಪ್ಟೆಂಬರ್ 1ರಿಂದ 'ವಂಚನೆ ತಡೆಯಲು ವಿಫಲರಾದದ್ದು' ಕೂಡ ಅಪರಾಧ. 250ಕ್ಕಿಂತ ಹೆಚ್ಚು ನೌಕರರು, 3.6 ಕೋಟಿ ಪೌಂಡ್ ಮೀರಿದ ವಹಿವಾಟು, 1.8 ಕೋಟಿ ಪೌಂಡ್ ಮೀರಿದ ಆಸ್ತಿ: ಈ ಮೂರರಲ್ಲಿ ಎರಡು ಇದ್ದರೆ ನೀವು ಅದರ ಲೆಕ್ಕಕ್ಕೆ ಬರುತ್ತೀರಿ. ಕಂಪನಿಯ ಲಾಭಕ್ಕಾಗಿ ನೌಕರನೋ ಏಜೆಂಟನೋ ಮೋಸ ಮಾಡಿದರೆ, ಮೇಲಿನವರಿಗೆ ಗೊತ್ತಿರಲಿಲ್ಲ ಎಂದರೆ ನಡೆಯದು. ತಡೆಯಲು ಸೂಕ್ತ ವ್ಯವಸ್ಥೆ ಇತ್ತೆಂದು ಕಂಪನಿಯೇ ಸಾಬೀತುಮಾಡಬೇಕು, ಇಲ್ಲದಿದ್ದರೆ ಮಿತಿಯಿಲ್ಲದ ದಂಡ. ನೀವು ಶಾಪ ಹಾಕುವ ಆ ಫಾರಂ ಕೆಲಸಕ್ಕೆ ಬರುವುದು ಆ ದಿನ. ಅದಕ್ಕೇ ಏಜೆಂಟನ ಹಿಂದಿನ ನಿಜವಾದ ಮಾಲೀಕ ಯಾರು, ಕಮಿಷನ್ ಮಾಡಿದ ಕೆಲಸಕ್ಕೆ ತಕ್ಕಷ್ಟಿದೆಯೇ, ಹಣ ಕೇಳುತ್ತಿರುವ ಬ್ಯಾಂಕ್ ಖಾತೆ ಮೂರನೆಯ ದೇಶದಲ್ಲಿ ಏಕಿದೆ ಎಂಬ ಕಾಲಂಗಳಲ್ಲಿ 'ಅನ್ವಯಿಸುವುದಿಲ್ಲ' ಎಂದು ಬರೆದು ಕೈತೊಳೆದುಕೊಳ್ಳಬೇಡಿ.

ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡುವುದು ಒಳ್ಳೆಯದು: ಕೆಲಸ ಬೇಗ ಆಗಲೆಂದು ಕೊಡುವ ಚಿಲ್ಲರೆ ಕಾಸು, ಅಂದರೆ ಸ್ಪೀಡ್ ಮನಿ. ಎಫ್‌ಸಿಪಿಎಯಲ್ಲಿ ಅದಕ್ಕೊಂದು ಕಿಂಡಿ ಇರುವುದು ನಿಜ. ವೀಸಾ, ಪರವಾನಗಿ, ವಿದ್ಯುತ್ ಸಂಪರ್ಕದಂಥ, ಅಧಿಕಾರಿ ಹೇಗೂ ಮಾಡಲೇಬೇಕಾದ ಕೆಲಸಕ್ಕೆ ಮಾತ್ರ ಅದು ಅನ್ವಯ. ಗುತ್ತಿಗೆ ಯಾರಿಗೆ ಎಂಬ ನಿರ್ಧಾರಕ್ಕೆ ಹತ್ತು ಡಾಲರ್ ಕೊಟ್ಟರೂ ಲಂಚವೇ. ಬ್ರಿಟನ್ನಿನ 2010ರ ಕಾಯ್ದೆಯಲ್ಲಿ ಈ ಕಿಂಡಿ ಇಲ್ಲ. ಕೆನಡಾ ಅದನ್ನು 2017ರಲ್ಲಿ ಮುಚ್ಚಿತು. ಅಮೆರಿಕದಲ್ಲೂ ಈ ವಿನಾಯಿತಿ ಲಂಚದ ಕಲಮಿಗಷ್ಟೇ, ಲೆಕ್ಕಪುಸ್ತಕದ ಕಲಮಿಗಲ್ಲ. ಅಲ್ಲಿ ಷೇರು ನೋಂದಾಯಿಸಿದ ಕಂಪನಿ ಆ ಕಾಸನ್ನು 'ಸಾಗಣೆ ವೆಚ್ಚ' ಎಂದು ಬರೆದರೆ, ಕೊಟ್ಟದ್ದು ತಪ್ಪಲ್ಲದಿದ್ದರೂ ಬರೆದದ್ದು ತಪ್ಪಾಗುತ್ತದೆ, ಮೊತ್ತ ಎಷ್ಟೇ ಚಿಕ್ಕದಿರಲಿ.

ಜೀವಕ್ಕೇ ಬೆದರಿಕೆ ಬಂದಾಗ ಕೊಟ್ಟ ಹಣವನ್ನು ಅಮೆರಿಕ ಲಂಚವೆಂದು ನೋಡುವುದಿಲ್ಲ. ಆದರೆ ಕೊಟ್ಟ ದಿನ, ಮೊತ್ತ, ಕೇಳಿದವನ ಹುದ್ದೆ, ಬೆದರಿಕೆಯ ಮಾತು, ಕಚೇರಿಗೆ ತಿಳಿಸಿದ ಹೊತ್ತು ಎಲ್ಲವನ್ನೂ ಆದಷ್ಟು ಬೇಗ ಬರೆದಿಡಬೇಕು. 'ಇತರೆ ಖರ್ಚು' ಎಂದು ಮುಚ್ಚಿಟ್ಟರೆ, ಆ ಹಣವೂ ಸುಳ್ಳು ಲೆಕ್ಕದ ಸಾಲಿಗೆ ಸೇರುತ್ತದೆ.