ಕುಗ್ಗುವ ಪಾಠ, ಒಗ್ಗುವ ಪಾಠ

ಆನ್‌ಲೈನ್ ಕೋರ್ಸ್ ಮಾಡಿಸಲು ಬರುವವರು ಮೊದಲು ಕೇಳುವುದು, "ಇದು ಮೊಬೈಲ್‌ನಲ್ಲೂ ಬರುತ್ತೆ ಅಲ್ವಾ?" ಬರುತ್ತದೆ. ಆದರೆ ಕುಗ್ಗಿ ಬರುತ್ತದೋ, ಸ್ಕ್ರೀನಿಗೆ ಒಗ್ಗಿ ಬರುತ್ತದೋ? ಕಲಿಯುವವರ ಪಾಡು ನಿಂತಿರುವುದು ಅದರ ಮೇಲೆ.

ಕೋರ್ಸ್ ತಯಾರಿಸುವ ಸ್ಟೋರಿಲೈನ್‌ನಂಥ ಟೂಲ್‌ನಲ್ಲಿ ಪಾಠ ಕೂರುವುದು ಅಳತೆ ಗೊತ್ತುಮಾಡಿದ ಸ್ಲೈಡ್ ಮೇಲೆ. ಅಗಲ 720 ಪಿಕ್ಸೆಲ್ ಎಂದಿಟ್ಟುಕೊಳ್ಳಿ. ಫೋನನ್ನು ನೆಟ್ಟಗೆ ಹಿಡಿದಾಗ ಬ್ರೌಸರ್ ಲೆಕ್ಕಕ್ಕೆ ಸಿಗುವ ಅಗಲ ಹೆಚ್ಚುಕಡಿಮೆ 360. ಇಡೀ ಸ್ಲೈಡ್ ಫೋಟೋದಂತೆ ಅರ್ಧಕ್ಕೆ ಇಳಿಯುತ್ತದೆ. 16 ಪಿಕ್ಸೆಲ್‌ನ ಅಕ್ಷರ 8 ಆಗುತ್ತದೆ. ಬಟನ್ ಬೆರಳಿಗೆ ಸಿಗುವುದಿಲ್ಲ. 'ಫೋನ್ ಅಡ್ಡ ಹಿಡಿಯಿರಿ' ಎಂದು ಬರೆದು ಕೈತೊಳೆದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ.

ವೆಬ್‌ಸೈಟ್‌ನ ದಾರಿ ಬೇರೆ. 2010ರಲ್ಲಿ ಈಥನ್ ಮಾರ್ಕಾಟ್ ಇದಕ್ಕೆ 'ರೆಸ್ಪಾನ್ಸಿವ್ ವೆಬ್ ಡಿಸೈನ್' ಎಂದು ಹೆಸರಿಟ್ಟರು. ಸ್ಕ್ರೀನ್ ಅಗಲ ನೋಡಿ ಜೋಡಣೆ ಬದಲಾಗುತ್ತದೆ. ಅಕ್ಷರ ಓದುವಷ್ಟು ದೊಡ್ಡದಾಗಿಯೇ ಉಳಿಯುತ್ತದೆ, ಪಕ್ಕದ ಚಿತ್ರ ಕೆಳಗಿಳಿಯುತ್ತದೆ. ಸಿದ್ಧ ತುಣುಕುಗಳನ್ನು (ಬ್ಲಾಕ್) ಒಂದರ ಕೆಳಗೊಂದು ಜೋಡಿಸಿ ಪಾಠ ಮಾಡುವ ರೈಸ್‌ನಂಥ ಬ್ಲಾಕ್ ಟೂಲ್‌ಗಳೂ ಹೀಗೇ. ಆದರೆ ಅವು ಕೊಟ್ಟ ಬ್ಲಾಕ್‌ಗಳಲ್ಲೇ ಪಾಠ ಹೊಂದಿಸಬೇಕು.

ಹಾಗಾದರೆ ಟೂಲ್ ಬಿಟ್ಟು ಎಲ್ಲವನ್ನೂ ನಾವೇ ಕೋಡ್ ಬರೆದು ಕಟ್ಟಿಬಿಡೋಣ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಸ್ಕ್ರೀನ್ ಚೆನ್ನಾಗಿಯೇ ಬಂತು, ಪೆಟ್ಟು ಬಿದ್ದದ್ದು ಬೇರೆ ಕಡೆ. ಟೂಲ್‌ನಲ್ಲಾದರೆ ಪಬ್ಲಿಷ್ ಮಾಡಿದರೆ ಸ್ಕಾರ್ಮ್ ಎಂಬ ಮಾನದಂಡಕ್ಕೆ ಹೊಂದುವ ಪ್ಯಾಕೇಜ್ ಸಿದ್ಧ. ಅಂಕ ಎಷ್ಟು, ಎಲ್ಲಿಗೆ ನಿಲ್ಲಿಸಿದರು, ಮುಗಿಸಿದರೋ ಇಲ್ಲವೋ ಎಂಬುದನ್ನು ಎಲ್‌ಎಂಎಸ್‌ಗೆ, ಅಂದರೆ ಕೋರ್ಸ್ ನಡೆಸಿ ಕಲಿಯುವವರ ಲೆಕ್ಕ ಇಡುವ ತಾಣಕ್ಕೆ, ತಿಳಿಸುವ ಕೋಡ್ ಅದರಲ್ಲೇ ಇರುತ್ತದೆ. ನಾವು ಕಟ್ಟಿದರೆ ಅದನ್ನೂ ನಾವೇ ಬರೆಯಬೇಕು. ಸ್ಕಾರ್ಮ್ 1.2ರಲ್ಲಿ, ಕಲಿಯುವವರು ನಿಲ್ಲಿಸಿದ ಸ್ಥಿತಿಯನ್ನು ನೆನಪಿಡುವ ಜಾಗಕ್ಕೆ 4096 ಅಕ್ಷರಗಳ ಮಿತಿ ಇದೆ. ನಾನು ಪ್ರತಿ ಉತ್ತರವನ್ನೂ ಪೂರ್ತಿಯಾಗಿ ಅಲ್ಲಿ ತುಂಬಿದ್ದೆ. ಚಿಕ್ಕ ಪಾಠದಲ್ಲಿ ನೋಡಿದಾಗ ಏನೂ ಗೊತ್ತಾಗಲಿಲ್ಲ. ದೊಡ್ಡ ಕೋರ್ಸಿನಲ್ಲಿ ಮಿತಿ ದಾಟಿತು. ಮುಕ್ಕಾಲು ಮುಗಿಸಿದ್ದವರು ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು. ಅವರ ಸಮಯ ಹಾಳಾದದ್ದು ಇವತ್ತಿಗೂ ಚುಚ್ಚುತ್ತದೆ. ಈಗ ಉತ್ತರದ ಬದಲು ಒಂದೊಂದು ಅಂಕಿಯ ಗುರುತು ಮಾತ್ರ ಇಡುತ್ತೇನೆ.

ಇನ್ನೊಂದು ತೊಡಕು, ಟೂಲ್‌ನಲ್ಲಿ ಮಾಡಿದರೂ ನಾವೇ ಕಟ್ಟಿದರೂ ಬರುತ್ತದೆ. ಎಷ್ಟೋ ಎಲ್‌ಎಂಎಸ್‌ಗಳು ಕೋರ್ಸನ್ನು ತಮ್ಮ ಪುಟದೊಳಗಿನ ಒಂದು ಚೌಕಟ್ಟಿನಲ್ಲಿ ತೆರೆಯುತ್ತವೆ. ಆಗ ಕೋರ್ಸ್ ನೋಡುವುದು ಚೌಕಟ್ಟಿನ ಅಗಲವನ್ನು, ಫೋನಿನದ್ದನ್ನಲ್ಲ. ಹೊರಗಿನ ಪುಟದಲ್ಲಿ, ಫೋನಿನ ಅಗಲಕ್ಕೆ ಹೊಂದಿಕೋ ಎಂದು ಬ್ರೌಸರ್‌ಗೆ ಹೇಳುವ ವ್ಯೂಪೋರ್ಟ್ ಟ್ಯಾಗ್ ಇಲ್ಲದಿದ್ದರೆ ಮೊಬೈಲ್ ಬ್ರೌಸರ್ ಸಾಮಾನ್ಯವಾಗಿ ಸುಮಾರು 980 ಪಿಕ್ಸೆಲ್ ಅಗಲವಿದೆ ಎಂದುಕೊಂಡು ಪುಟ ಹಾಕುತ್ತದೆ. ನಮ್ಮ ಪಾಠ ತಾನು ಕಂಪ್ಯೂಟರ್ ಮೇಲಿದ್ದೇನೆ ಎಂದೇ ನಂಬುತ್ತದೆ. ಎಷ್ಟು ಜಾಣ ಕೋಡ್ ಇದ್ದರೂ ಸುಮ್ನೆ.

ಸ್ಲೈಡ್ ಕುಗ್ಗುವುದು ಯಾವಾಗಲೂ ತಪ್ಪಲ್ಲ. ಸಾಫ್ಟ್‌ವೇರ್ ಬಳಕೆ ಕಲಿಸುವ ಪಾಠದಲ್ಲಿ ಬಟನ್ ಎಲ್ಲಿದೆಯೋ ಅಲ್ಲೇ ಕಾಣಬೇಕು, ಜೋಡಣೆ ಬದಲಿಸಿದರೆ ಪಾಠವೇ ಕೆಡುತ್ತದೆ. ವೆಬ್ ಎಲ್ಲರಿಗೂ ಬಳಸಲು ಬರುವಂತಿರಲು ಇರುವ ಮಾರ್ಗಸೂಚಿ, 2018ರ ಡಬ್ಲ್ಯೂಸಿಎಜಿ 2.1 ಕೂಡ 320 ಪಿಕ್ಸೆಲ್ ಅಗಲದಲ್ಲಿ ಅಡ್ಡ ಸರಿಸದೆ ಓದುವಂತಿರಬೇಕು ಎನ್ನುತ್ತಲೇ, ನಕ್ಷೆ, ಕೋಷ್ಟಕದಂಥವಕ್ಕೆ ವಿನಾಯಿತಿ ಕೊಡುತ್ತದೆ. ಓದಿ ಕಲಿಯುವುದೇ ಜಾಸ್ತಿ ಇದ್ದರೆ ನನ್ನ ಆಯ್ಕೆ ಬ್ಲಾಕ್ ಟೂಲ್. ನಾವೇ ಕಟ್ಟುವುದು, ಕೋರ್ಸ್ ವರ್ಷಗಟ್ಟಲೆ ಬಾಳುವಂತಿದ್ದು, ನಾನು ಹೋದ ಮೇಲೂ ಕೋಡ್ ನೋಡಿಕೊಳ್ಳುವವರು ಇದ್ದಾರೆ ಎಂದು ಗೊತ್ತಾದರೆ ಮಾತ್ರ.

ಯಾವ ದಾರಿಯೇ ಆಗಲಿ, ಕೋರ್ಸಿನ ಅತಿ ಕಷ್ಟದ ಪುಟವನ್ನು ಮೊದಲು ಮಾಡುತ್ತೇನೆ. ಅದನ್ನು ಕೋರ್ಸ್ ಮಾಡಿಸುವವರದೇ ಎಲ್‌ಎಂಎಸ್‌ಗೆ ಹಾಕಿ, ನಿಜವಾದ ಫೋನಿನಲ್ಲಿ ತೆರೆದು, ಕೇಳಿದವರ ಕೈಗೇ ಕೊಡುತ್ತೇನೆ.