ಫ್ರೀಮೇಸನ್ ಲಾಡ್ಜ್ ಕಟ್ಟಡದ ಖಾತೆ ಯಾರ ಹೆಸರಲ್ಲಿರುತ್ತದೆ?

ಪ್ರಶ್ನೆ: "ಫ್ರೀಮೇಸನ್‌ಗಳು ಸಭೆ ಸೇರೋದು ಎಲ್ಲಿ ಸಾರ್? ಅವರ ಕಟ್ಟಡಗಳೆಲ್ಲ ಲಂಡನ್ನಿನವರ ಹೆಸರಲ್ಲೇ ಇವೆಯಂತೆ, ನಿಜವಾ?"

ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಪ್ರಶ್ನೆಯ ಎರಡನೇ ಅರ್ಧ ಮಾತ್ರ ಬದಲಾಗುವುದೇ ಇಲ್ಲ. ಈ ಸಲ ಪೂರ್ತಿ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಕೊನೆಯವರೆಗೂ ಓದಿ.

ಫ್ರೀಮೇಸನ್‌ಗಳು ಅಂದರೆ ತಮ್ಮದೇ ಆಚರಣೆಗಳಿರುವ ಒಂದು ಹಳೆಯ ಸೋದರ ಸಂಘದವರು. ಇಲ್ಲಿ ಲಾಡ್ಜ್ ಅಂದರೆ ಬಸ್ ಸ್ಟ್ಯಾಂಡ್ ಎದುರು ರೂಮು ಕೊಡುವ ಲಾಡ್ಜ್ ಅಲ್ಲ, ಅದು ನಿಮಗೆ ಗೊತ್ತಿದೆ. ಆದರೆ ಅದು ಕಟ್ಟಡವೂ ಅಲ್ಲ. ಲಾಡ್ಜ್ ಅಂದರೆ ಜನ. ನಮ್ಮೂರುಗಳ ಭಜನಾ ಮಂಡಳಿ ಇದ್ದ ಹಾಗೆ. ಮಂಡಳಿ ರಾಮಮಂದಿರದಲ್ಲಿ ಸೇರುತ್ತದೆ, ಆದರೆ ಮಂದಿರ ಮಂಡಳಿಯ ಆಸ್ತಿಯಲ್ಲ. ಮಂದಿರ ರಿಪೇರಿಯಾಗುವಾಗ ಯಾರದೋ ಮನೆ ಜಗಲಿಯಲ್ಲಿ ಕೂತು ಹಾಡುತ್ತಾರೆ. ಜಾಗ ಬೇರೆ, ಮಂಡಳಿ ಅದೇ. ಫ್ರೀಮೇಸನ್‌ಗಳಲ್ಲಿ ಹೊಸ ಲಾಡ್ಜ್‌ಗೆ ಗ್ರ್ಯಾಂಡ್ ಲಾಡ್ಜ್, ಅಂದರೆ ಲಾಡ್ಜ್‌ಗಳ ಮೇಲಿನ ಸಂಸ್ಥೆ, ಒಂದು ಅನುಮತಿ ಪತ್ರ ಕೊಡುತ್ತದೆ. ಅದಕ್ಕೆ ವಾರಂಟ್ ಅನ್ನುತ್ತಾರೆ. ಲಾಡ್ಜ್‌ಗೆ ಬೇಕಾದ್ದು ಆ ಪತ್ರ ಮತ್ತು ಸದಸ್ಯರು. ಸ್ವಂತ ಗೋಡೆ ಬೇಕಿಲ್ಲ.

ಶುರುವಿನಲ್ಲಿ ಗೋಡೆ ಇರಲೂ ಇಲ್ಲ. 1717ರಲ್ಲಿ ನಾಲ್ಕು ಲಾಡ್ಜ್‌ಗಳು ಸೇರಿ ಲಂಡನ್ನಿನ ಗ್ರ್ಯಾಂಡ್ ಲಾಡ್ಜ್ ಮಾಡಿಕೊಂಡವು ಎಂದು ಅವರು ಹೇಳಿಕೊಂಡು ಬಂದಿದ್ದಾರೆ. ಆ ನಾಲ್ಕನ್ನೂ ಅವು ಸೇರುತ್ತಿದ್ದ ಹೆಂಡದಂಗಡಿಗಳ ಹೆಸರಿಂದಲೇ ಗುರುತಿಸುತ್ತಾರೆ: ಗೂಸ್ ಅಂಡ್ ಗ್ರಿಡೈರನ್, ಕ್ರೌನ್, ಆಪಲ್ ಟ್ರೀ, ರಮ್ಮರ್ ಅಂಡ್ ಗ್ರೇಪ್ಸ್. ಆ ಕಾಲದಲ್ಲಿ ಸಭೆಗೆ ಮುಂಚೆ ನೆಲದ ಮೇಲೆ ಸೀಮೆಸುಣ್ಣ, ಇದ್ದಿಲಿನಲ್ಲಿ ಚಿಹ್ನೆಗಳನ್ನು ಬರೆಯುತ್ತಿದ್ದರು. ಮುಗಿದ ಮೇಲೆ ಒರೆಸಿಬಿಡುತ್ತಿದ್ದರು. ರಂಗೋಲಿ ಇಟ್ಟು ಬೆಳೆದ ನಮಗೆ ಇದು ಬೇಗ ಅರ್ಥವಾಗಬೇಕು. ರೇಖೆ ಇರುವಷ್ಟು ಹೊತ್ತು ಅದು ಲಾಡ್ಜ್. ಒರೆಸಿದರೆ ಮತ್ತೆ ಬರೀ ಬಾಡಿಗೆ ಕೋಣೆ. 1732ರಲ್ಲಿ ಐರ್ಲೆಂಡಿನ ಗ್ರ್ಯಾಂಡ್ ಲಾಡ್ಜ್ ಒಂದು ಸೇನಾ ರೆಜಿಮೆಂಟಿಗೇ ವಾರಂಟ್ ಕೊಟ್ಟಿತು. ರೆಜಿಮೆಂಟ್ ಹೋದ ಕಡೆ ಲಾಡ್ಜ್ ಕೂಡ ಹೋಗುತ್ತಿತ್ತು.

ಇನ್ನು ಆ ಲಂಡನ್ ಮಾತು. ನನಗೆ ನಿಜಕ್ಕೂ ಬೇಸರ ತರಿಸುವುದು ಇದೇ.

ನಿಮ್ಮೂರಿನ ಶಾಲೆಗೆ ಸಿಬಿಎಸ್‌ಇ ಮಾನ್ಯತೆ ಇದೆ ಅಂದುಕೊಳ್ಳಿ. ಹಾಗಂತ ಶಾಲೆಯ ಜಾಗದ ಖಾತೆ ದೆಹಲಿಯ ಬೋರ್ಡ್ ಹೆಸರಲ್ಲಿದೆಯಾ? ಇಲ್ಲ ಅಲ್ವಾ? ಇಲ್ಲೂ ಅಷ್ಟೇ. ಗ್ರ್ಯಾಂಡ್ ಲಾಡ್ಜ್ ಮಾನ್ಯತೆ ಕೊಡುತ್ತದೆ, ನಿಯಮ ಹೇಳುತ್ತದೆ. ಊರೂರಿನ ಹಾಲ್‌ಗಳ ಮಾಲೀಕತ್ವ ಬೇರೆಯೇ ವಿಷಯ. ಲಂಡನ್ನಿನ ಗ್ರೇಟ್ ಕ್ವೀನ್ ಸ್ಟ್ರೀಟಿನಲ್ಲಿರುವ ದೊಡ್ಡ ಹಾಲ್ ಅಲ್ಲಿನ ಗ್ರ್ಯಾಂಡ್ ಲಾಡ್ಜ್‌ನದೇ, ನಿಜ. ಅದನ್ನು 1927ರಿಂದ 1933ರವರೆಗೆ ಕಟ್ಟಿದರು, ಮೊದಲ ಮಹಾಯುದ್ಧದಲ್ಲಿ ಸತ್ತ ಮೂರು ಸಾವಿರಕ್ಕೂ ಜಾಸ್ತಿ ಸದಸ್ಯರ ನೆನಪಿಗೆ. ಆದರೆ ಆ ಒಂದು ಕಟ್ಟಡ ನೋಡಿ ಪ್ರಪಂಚದ ಹಾಲ್‌ಗಳೆಲ್ಲ ಅವರವೇ ಅಂದುಬಿಡುವುದು ತಪ್ಪು.

ಇಂಗ್ಲೆಂಡಿನ ಕಾನೂನಿನಲ್ಲಿ ನೋಂದಣಿಯಿಲ್ಲದ ಸಂಘಕ್ಕೆ ತನ್ನ ಹೆಸರಲ್ಲಿ ಜಮೀನು ಇಟ್ಟುಕೊಳ್ಳಲು ಬರುವುದಿಲ್ಲ. ಹಾಗಾಗಿ ಅಲ್ಲಿನ ಊರುಗಳಲ್ಲಿ ಹಾಲ್ ಸಾಮಾನ್ಯವಾಗಿ ಟ್ರಸ್ಟಿಗಳ ಹೆಸರಲ್ಲಿರುತ್ತದೆ, ಇಲ್ಲವೇ ಅದಕ್ಕೆಂದೇ ಮಾಡಿದ ಒಂದು ಚಿಕ್ಕ ಕಂಪನಿಯ ಹೆಸರಲ್ಲಿ. ಒಂದೇ ಹಾಲ್‌ನಲ್ಲಿ ಹಲವು ಲಾಡ್ಜ್‌ಗಳು ಸೇರುತ್ತವೆ. ಒಂದಕ್ಕೆ ಮೊದಲ ಸೋಮವಾರ, ಇನ್ನೊಂದಕ್ಕೆ ಎರಡನೇ ಗುರುವಾರ, ಹೀಗೆ. ಬಾಡಿಗೆ ಕಟ್ಟುತ್ತವೆ. ಖಾಲಿ ದಿನಗಳಲ್ಲಿ ಮದುವೆಗೂ ಹಾಲ್ ಕೊಡುತ್ತಾರೆ.

ನಮ್ಮ ದೇಶದಲ್ಲಿ 1961ರಲ್ಲೇ ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ ಸ್ಥಾಪನೆಯಾಯಿತು. ಕೆಲವು ಹಳೆಯ ಲಾಡ್ಜ್‌ಗಳು ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡುಗಳ ಪಟ್ಟಿಯಲ್ಲೇ ಉಳಿದುಕೊಂಡವು. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಜಾಗ ಬಿಟ್ಟುಕೊಟ್ಟ ಹಾಗಲ್ಲ.

ಇಷ್ಟಾದರೂ ನಂಬಿಕೆ ಬರದವರು ಅಮೆರಿಕದ ಡೆಟ್ರಾಯಿಟ್ ನೋಡಬೇಕು. ಅಲ್ಲಿನ ಮೇಸಾನಿಕ್ ಟೆಂಪಲ್ 1926ರಲ್ಲಿ ಉದ್ಘಾಟನೆಯಾಯಿತು. ಪ್ರಪಂಚದಲ್ಲೇ ದೊಡ್ಡದು, ಸಾವಿರಕ್ಕೂ ಮೀರಿ ಕೋಣೆಗಳು. 2013ರಲ್ಲಿ ಅದು ತೆರಿಗೆ ಬಾಕಿಗೆ ಕೈತಪ್ಪಿ ಹೋಗುವುದರಲ್ಲಿತ್ತು. ಆಗ ಸುಮಾರು 1,42,000 ಡಾಲರ್ ಕಟ್ಟಿ ಉಳಿಸಿಕೊಂಡವರು ಅದೇ ಊರಿನ ಸಂಗೀತಗಾರ ಜ್ಯಾಕ್ ವೈಟ್. ಎಲ್ಲ ಕಟ್ಟಡವೂ ಲಂಡನ್ನಿನ ಒಂದೇ ಖಜಾನೆಗೆ ಸೇರಿದ್ದರೆ ಆ ಖಜಾನೆ ಅವತ್ತು ಎಲ್ಲಿ ಹೋಗಿತ್ತು? ಕಂದಾಯ ಕಟ್ಟಬೇಕಾದ್ದು ಆ ಊರಿನ ಮಾಲೀಕ ಸಂಸ್ಥೆ. ಅದರ ಹತ್ತಿರ ದುಡ್ಡಿರಲಿಲ್ಲ.

"ಜಾಗ ಗುಟ್ಟಾಗಿರುತ್ತದೆ" ಅನ್ನುವುದೂ ಇದರ ಬಾಲವೇ. ಬ್ರಿಟನ್ನಿನಲ್ಲಿ 1799ರ ಕಾಯ್ದೆ ಪ್ರಕಾರ ಪ್ರತಿ ಲಾಡ್ಜ್ ವರ್ಷಕ್ಕೊಮ್ಮೆ ಸದಸ್ಯರ ಹೆಸರು, ಸಭೆಯ ಜಾಗ, ಸಮಯ ಎಲ್ಲವನ್ನೂ ಸರ್ಕಾರಿ ಗುಮಾಸ್ತರಿಗೆ ಬರೆದುಕೊಡಬೇಕಿತ್ತು. ಆ ನಿಯಮ 1967ರವರೆಗೂ ಇತ್ತು. ಒಳಗಿನ ಆಚರಣೆ ಹೊರಗಿನವರಿಗಿಲ್ಲ, ಬಾಗಿಲಲ್ಲಿ ಟೈಲರ್ ಅನ್ನುವ ಕಾವಲಿನವರು ಕತ್ತಿ ಹಿಡಿದು ನಿಲ್ಲುತ್ತಾರೆ, ಸರಿ. ಆದರೆ ವಿಳಾಸ ಗುಟ್ಟಲ್ಲ. ಗೇಟಿನ ಮೇಲೆ ಬೋರ್ಡೇ ಇರುತ್ತದೆ.

ಯಾರೂ ಕೇಳದ ಇನ್ನೊಂದು ಪ್ರಶ್ನೆ ಇದೆ, ನನಗೆ ಅದೇ ಹೆಚ್ಚು ಇಷ್ಟ. ಲಾಡ್ಜ್ ಬಿಟ್ಟುಹೋದ ಕಟ್ಟಡ ಏನಾಗುತ್ತದೆ?

ವಾಷಿಂಗ್ಟನ್ನಿನ ಒಂದು ಹಳೆಯ ಮೇಸಾನಿಕ್ ಟೆಂಪಲ್ ಈಗ ಮಹಿಳಾ ಕಲಾವಿದರ ರಾಷ್ಟ್ರೀಯ ಮ್ಯೂಸಿಯಂ. ಹೆಂಗಸರಿಗೆ ಸದಸ್ಯತ್ವವೇ ಇಲ್ಲದ ಸಂಘ ಕಟ್ಟಿಸಿದ ಗೋಡೆಗಳ ಮೇಲೆ 1987ರಿಂದ ಹೆಂಗಸರು ಬಿಡಿಸಿದ ಚಿತ್ರಗಳಿವೆ.

ನಮಗೆ ಹತ್ತಿರದ್ದು ಚೆನ್ನೈ. ಮರೀನಾ ಬೀಚ್ ಎದುರಿನ ಬಿಳಿ ಕಂಬಗಳ ಪೊಲೀಸ್ ಪ್ರಧಾನ ಕಚೇರಿ ನೋಡಿದ್ದೀರಲ್ಲ? ಅದು 1839ರಲ್ಲಿ ಲಾಡ್ಜ್ ಆಫ್ ಪರ್ಫೆಕ್ಟ್ ಯುನಾನಿಮಿಟಿಗೆ ಕಟ್ಟಿದ್ದು. 1865ರಲ್ಲಿ ಪೊಲೀಸರು ತಿಂಗಳಿಗೆ 90 ರೂಪಾಯಿ ಬಾಡಿಗೆಗೆ ಬಂದರು. 1874ರಲ್ಲಿ ಸರ್ಕಾರ 20,000 ರೂಪಾಯಿಗೆ ಅದನ್ನು ಕೊಂಡುಕೊಂಡಿತು. 1990ರ ದಶಕದಲ್ಲಿ ಕೆಡವುವ ಮಾತೂ ಬಂದಿತ್ತು, ಪುಣ್ಯಕ್ಕೆ ಉಳಿಯಿತು. ಕಟ್ಟಡ ಮಾರಿದ ಆ ಲಾಡ್ಜ್ ಮಾತ್ರ ಮುಚ್ಚಲಿಲ್ಲ. ಎಗ್ಮೋರಿನ ಹಾಲ್‌ನಲ್ಲಿ ಈಗಲೂ ಸೇರುತ್ತದೆ, ಉಳಿದ ಲಾಡ್ಜ್‌ಗಳ ಜೊತೆ ದಿನ ಹಂಚಿಕೊಂಡು.