ನೆಲದಡಿಯಲ್ಲಿ ಎಣ್ಣೆಯೋ ಅನಿಲವೋ: ಐದು ಹೆಸರುಗಳ ಹಿನ್ನೆಲೆ

ಬೆಂಗಳೂರಿನ ಅಡುಗೆಮನೆಗಳಲ್ಲಿ ಇಂದು ಎರಡು ಬಗೆಯ ಅನಿಲ ಉರಿಯುತ್ತದೆ. ಸಿಲಿಂಡರನ್ನು ಅಲುಗಾಡಿಸಿದರೆ ಒಳಗೆ ದ್ರವ ತುಳುಕುವುದು ಕೈಗೆ ತಿಳಿಯುತ್ತದೆ. ಪ್ರೊಪೇನ್ ಮತ್ತು ಬ್ಯುಟೇನ್ ಅಲ್ಲಿ ಒತ್ತಡಕ್ಕೆ ಸಿಕ್ಕಿ ದ್ರವವಾಗಿರುತ್ತವೆ. ಮಹಾರಾಷ್ಟ್ರದ ಕರಾವಳಿಯ ದಾಭೋಳ್‌ನಿಂದ ಸುಮಾರು ಸಾವಿರ ಕಿಲೋಮೀಟರ್ ಕೊಳವೆಯಲ್ಲಿ ಹರಿದು 2013ರಿಂದ ಈ ನಗರಕ್ಕೆ ಬರುತ್ತಿರುವ ನೈಸರ್ಗಿಕ ಅನಿಲವಾದರೋ ಬಹುಪಾಲು ಮೀಥೇನ್. ಇಲ್ಲಿಯ ಹವೆಯಲ್ಲಿ ಅದನ್ನು ಎಷ್ಟೇ ಅದುಮಿದರೂ ದ್ರವವಾಗದು. ನೆಲದಡಿಯ ಎಣ್ಣೆ ಮತ್ತು ಅನಿಲದ ನಿಕ್ಷೇಪಗಳನ್ನು ಇಂದು ಐದು ಹೆಸರುಗಳಲ್ಲಿ ವಿಂಗಡಿಸುವುದರ ಹಿಂದೆಯೂ ದ್ರವ ಮತ್ತು ಅನಿಲಗಳ ಇದೇ ಆಟವಿದೆ.

ಯಾವ ತಾಪಕ್ಕಿಂತ ಮೇಲೆ ಎಷ್ಟೇ ಅದುಮಿದರೂ ದ್ರವವಾಗದೋ ಅಂಥದೊಂದು ಮಿತಿ ಪ್ರತಿ ಅನಿಲಕ್ಕೂ ಉಂಟೆಂದು 1869ರಲ್ಲಿ ಬೆಲ್‌ಫಾಸ್ಟ್‌ನ ರಸಾಯನವಿಜ್ಞಾನಿ ಥಾಮಸ್ ಆಂಡ್ರ್ಯೂಸ್ ಇಂಗಾಲದ ಡೈಆಕ್ಸೈಡ್‌ನ ಪ್ರಯೋಗಗಳಿಂದ ತೋರಿಸಿಕೊಟ್ಟರು. ಅದಕ್ಕೆ ಆ ಮಿತಿ ಸುಮಾರು 31 ಡಿಗ್ರಿ ಸೆಲ್ಸಿಯಸ್. ಮೀಥೇನ್‌ಗೆ ಸೊನ್ನೆಗಿಂತ 82 ಡಿಗ್ರಿಗೂ ಕೆಳಗೆ. ದ್ರವ ಮತ್ತು ಅನಿಲಗಳ ಭೇದವೇ ಅಳಿಸಿಹೋಗುವ ಆ ನೆಲೆಗೆ ಕ್ರಿಟಿಕಲ್ ಬಿಂದು ಎಂದು ಹೆಸರು. ಹಲವು ಅನಿಲಗಳು ಬೆರೆತಾಗ ಆಗುವುದು ಇನ್ನೂ ವಿಚಿತ್ರ. ಒತ್ತಡ ಇಳಿಸಿದರೆ ದ್ರವ ಆವಿಯಾಗಬೇಕೆಂಬುದು ನಮ್ಮ ನಿತ್ಯದ ಅನುಭವ. ಆದರೆ ಕೆಲವು ಮಿಶ್ರಣಗಳಲ್ಲಿ ಒತ್ತಡ ಇಳಿಸಿದಾಗಲೇ ಅನಿಲದಿಂದ ದ್ರವ ಹನಿಯುತ್ತದೆಂದು 1892ರಲ್ಲಿ ಲೈಡನ್‌ನ ಡಚ್ ಭೌತವಿಜ್ಞಾನಿ ಕ್ಯೂನೆನ್ ಕಂಡರು. ಈ ಉಲ್ಟಾ ನಡೆಗೆ ರೆಟ್ರೋಗ್ರೇಡ್ ಎಂಬ ವಿಶೇಷಣ ಅಂಟಿಕೊಂಡಿತು.

ತೈಲ ವ್ಯಾಪಾರಕ್ಕೆ ಆಗ ಇದಾವುದೂ ಬೇಕಿರಲಿಲ್ಲ. ಪೀಪಾಯಿಗೆ ಬಂದದ್ದರ ಬಣ್ಣ ಮತ್ತು ಸಾಂದ್ರತೆಯೇ ಸಾಕಾಗಿತ್ತು. 1921ರಲ್ಲಿ ರೂಪುಗೊಂಡ, ಈಗಲೂ ಬೆಲೆ ಕಟ್ಟಲು ಬಳಸುವ, ಎಣ್ಣೆಯ ಸಾಂದ್ರತೆ ಸೂಚಿಸುವ ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ಮಾಪಕದ ಸೂತ್ರದಲ್ಲಿ 141.5 ಎಂಬ ವಿಲಕ್ಷಣ ಸಂಖ್ಯೆಯಿರುವುದು, ಅಮೆರಿಕದಲ್ಲಿ ಬಳಕೆಯಲ್ಲಿದ್ದ, ಸಾಂದ್ರತೆ ಅಳೆಯುವ ಹೈಡ್ರೋಮೀಟರುಗಳು ತಪ್ಪಾಗಿ ಗುರುತು ಮಾಡಲ್ಪಟ್ಟಿದ್ದವೆಂಬ ಕಾರಣಕ್ಕೆ. ತಪ್ಪನ್ನು ತಿದ್ದುವುದಕ್ಕಿಂತ ಸೂತ್ರವನ್ನೇ ತಿದ್ದುವುದು ಅಗ್ಗವೆನಿಸಿತು!

1930ರ ದಶಕದಲ್ಲಿ ಬಾವಿಗಳು ಆಳಕ್ಕಿಳಿದ ಮೇಲೆ ಲೆಕ್ಕ ತಪ್ಪತೊಡಗಿತು. ನಿಕ್ಷೇಪದ ತಾಪ ಬಹುತೇಕ ಬದಲಾಗದು. ತೆಗೆದಷ್ಟೂ ಒತ್ತಡ ಮಾತ್ರ ಇಳಿಯುತ್ತದೆ. ಕ್ಯೂನೆನ್ ಗಾಜಿನ ನಳಿಕೆಯಲ್ಲಿ ಕಂಡದ್ದೇ ಕಲ್ಲಿನ ಸೂಕ್ಷ್ಮ ರಂಧ್ರಗಳಲ್ಲಿ ನಡೆಯುತ್ತಿತ್ತು: ಅನಿಲ ಮೇಲೇರುತ್ತಿದ್ದಂತೆ ಅದರ ಭಾರವಾದ, ಬೆಲೆಬಾಳುವ ಅಂಶ ಕೆಳಗೇ ಹನಿಗಟ್ಟಿ ಕಲ್ಲಿಗೆ ಅಂಟಿ ಉಳಿಯುತ್ತಿತ್ತು, ಮತ್ತು ಹಾಗೆ ಉಳಿದದ್ದರಲ್ಲಿ ಬಹಳಷ್ಟು ಮತ್ತೆ ಕೈಗೆ ಸಿಗುತ್ತಿರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಸೇಜ್ ಮತ್ತು ಲೇಸಿ ಎಂಬ ಸಂಶೋಧಕರು ಇಂಥ ಮಿಶ್ರಣಗಳನ್ನು ವರ್ಷಗಟ್ಟಲೆ ಅಳೆದರು. ಕೆಲವೆಡೆ ಕಂಡೆನ್ಸೇಟನ್ನು, ಅಂದರೆ ಅನಿಲದಿಂದ ಹನಿಗಟ್ಟುವ ಆ ದ್ರವವನ್ನು, ಮೇಲೆ ಬೇರ್ಪಡಿಸಿಕೊಂಡು, ಒಣ ಅನಿಲವನ್ನು ಮತ್ತೆ ಬಾವಿಗೇ ತುಂಬಿ ಒತ್ತಡ ಕಾಯುವ ಪದ್ಧತಿ ಬಂತು. ನಿಕ್ಷೇಪದ ಜಾತಿ ಮೊದಲೇ ತಿಳಿಯಬೇಕಾದ ಅಗತ್ಯ ಹುಟ್ಟಿದ್ದು ಇಲ್ಲಿಂದ ಎಂಬುದು ನನ್ನ ಎಣಿಕೆ.

ಇಂದು ಪಠ್ಯಗಳಲ್ಲಿರುವ ಐದು ಹೆಸರುಗಳು ಬ್ಲ್ಯಾಕ್ ಆಯಿಲ್, ವೊಲಟೈಲ್ ಆಯಿಲ್, ರೆಟ್ರೋಗ್ರೇಡ್ ಗ್ಯಾಸ್, ವೆಟ್ ಗ್ಯಾಸ್ ಮತ್ತು ಡ್ರೈ ಗ್ಯಾಸ್. ಮೊದಲೆರಡು ಒತ್ತಡ ಇಳಿದಾಗ, ಮುಚ್ಚಳ ತೆಗೆದ ಗೋಲಿ ಸೋಡಾದಂತೆ, ಗುಳ್ಳೆ ಬಿಡುತ್ತವೆ. ಮೂರನೆಯದು ಕೆಳಗೇ ಹನಿಯುತ್ತದೆ, ವೆಟ್ ಗ್ಯಾಸ್ ಮೇಲೆ ಬಂದ ನಂತರವೇ ಹನಿಯುತ್ತದೆ, ಡ್ರೈ ಗ್ಯಾಸ್ ಎಲ್ಲಿಯೂ ಹನಿಯುವುದಿಲ್ಲ. ಒಂದು ಬ್ಯಾರಲ್ ಎಣ್ಣೆಯೊಡನೆ ಆರಂಭದಲ್ಲಿ ಬರುವ ಅನಿಲ 1750 ಘನ ಅಡಿಗಿಂತ ಕಡಿಮೆಯಿದ್ದರೆ ಬ್ಲ್ಯಾಕ್ ಆಯಿಲ್, 3200 ದಾಟಿದರೆ ರೆಟ್ರೋಗ್ರೇಡ್ ಗ್ಯಾಸ್, ನಡುವೆಯಿದ್ದರೆ ವೊಲಟೈಲ್ ಆಯಿಲ್ ಎಂದು ಪೆಟ್ರೋಲಿಯಂ ಎಂಜಿನಿಯರ್ ವಿಲಿಯಂ ಮೆಕೇನ್ 1994ರಲ್ಲಿ ಗೆರೆ ಎಳೆದರು. ಈ ಗೆರೆಗಳು ಅನುಭವದಿಂದ ಬಂದ ಒಪ್ಪಂದಗಳು. ಕೊನೆಯ ತೀರ್ಪು ಪ್ರಯೋಗಾಲಯದ ಮಾದರಿಯದೇ.

ಈ ವಿಂಗಡಣೆ ಹೇಳದಿರುವುದೂ ಉಂಟು. 2004ರಲ್ಲಿ ರಾಜಸ್ಥಾನದ ಬಾಡಮೇರ್‌ನಲ್ಲಿ ಪತ್ತೆಯಾದ ಮಂಗಳಾ ನಿಕ್ಷೇಪದ ಎಣ್ಣೆ ಇದರ ಪ್ರಕಾರ ಬರೀ ಬ್ಲ್ಯಾಕ್ ಆಯಿಲ್. ಆದರೆ ಅದರಲ್ಲಿ ಮೇಣ ಎಷ್ಟಿದೆಯೆಂದರೆ, ಡಿಸೆಂಬರ್ ಬೆಳಗ್ಗೆ ನಮ್ಮ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಹೆಪ್ಪುಗಟ್ಟುವ ಹಾಗೆ ಅದು ಬೆಂಗಳೂರಿನ ಏಪ್ರಿಲ್ ಬಿಸಿಲಿನಲ್ಲೂ ಗಟ್ಟಿಯಾಗಿಯೇ ಉಳಿದೀತು. ಹೀಗಾಗಿ ಅದನ್ನು ಗುಜರಾತ್‌ಗೆ ಒಯ್ಯುವ ಕೊಳವೆಯನ್ನು ದಾರಿಯುದ್ದಕ್ಕೂ ಬಿಸಿಯಾಗಿ ಇಡಲಾಗುತ್ತದೆ.